ದೀಪಕ್ಕೂ ಕತ್ತು ಬಂದಾಗ

ಗದಗ ಸೀಮೆಯ ಹರ್ತಿ ಗ್ರಾಮವನ್ನು ಬಲ್ಲವರಿಗೆ ಅಲ್ಲಿನ ಬಸವೇಶ್ವರನ ತೇರು ಗೊತ್ತು. ಚಾಲುಕ್ಯ ಶೈಲಿಯ ಮೂರ್ತಿಗಳುಳ್ಳ ಪಾರ್ವತೀ-ಪರಮೇಶ್ವರರ ಗುಡಿಯೂ ಗೊತ್ತು. ಇಂತಹ ಊರಿನ ಬಯಲಿನಲ್ಲಿ ಜಾತ್ರೆಯ ರಾತ್ರಿ ಹರಿಶ್ಚಂದ್ರ ನಾಟಕ ನಡೆಯಲಿದೆಯೆಂದು ವಾಚಕರು ಒಂದು ಗಳಿಗೆ ಭಾವಿಸಿಕೊಳ್ಳಲಿ. ಶ್ಮಶಾನದ ದೃಶ್ಯ. ಮಗನ ಶವದ ಮುಂದೆ ಚಂದ್ರಮತಿ ಕುಸಿದು ಕುಳಿತಿದ್ದಾಳೆ. ಮೇಲಿನಿಂದ ಒಂದೇ ಒಂದು ಬೆಳಕು ಆಕೆಯ ಮುಖದ ಮೇಲೆ ಇಳಿಯಬೇಕು. ಅದು ಒಂದು ಅಡಿ ಆಚೆಗೆ ಬಿದ್ದರೆ? ಬರಿಯ ಹಲಗೆ ಬೆಳಗುತ್ತದೆ. ತಾಯಿಯ ಕಣ್ಣೀರು ಕತ್ತಲೆಯ ಪಾಲಾಗುತ್ತದೆ.

ನಾಟಕದ ಹುಚ್ಚು ಈ ಸೀಮೆಗೆ ಹೊಸದಲ್ಲ. ಶಾಂತಕವಿಗಳು ಕಳೆದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿಯೇ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಇದೇ ಊರಿನದು. ಅಂದು ದೀವಟಿಗೆ, ಆಮೇಲೆ ಗ್ಯಾಸ್ ಬತ್ತಿ. ದೀಪ ಇದ್ದಲ್ಲಿಯೇ ಇರುತ್ತಿತ್ತು. ನಟನೇ ಅದನ್ನು ಅರಸಿ ಬರುತ್ತಿದ್ದ. ಇಂದು ಆ ಕ್ರಮ ತಿರುಗುಮುರುಗಾಗಿದೆ. ನಟನನ್ನು ಅರಸಿ ದೀಪವೇ ಕತ್ತು ಹೊರಳಿಸುತ್ತದೆ.

ಇದಕ್ಕೆ ‘ಮೂವಿಂಗ್ ಹೆಡ್’ ಎಂದು ಹೆಸರು. ಅಮೆರಿಕದ ಡಲ್ಲಾಸ್ ನಗರದಲ್ಲಿ ರೂಪುಗೊಂಡ ‘ವೇರಿ-ಲೈಟ್’ ಎಂಬ ದೀಪವನ್ನು ಜೆನೆಸಿಸ್ ಎಂಬ ಗಾಯಕ ತಂಡ ೧೯೮೧ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಮೊದಲ ಬಾರಿಗೆ ಬಳಸಿತು. ಇಂದು ನಮ್ಮ ಉತ್ಸವಗಳ ರಂಗಮಂಟಪಗಳ ಮೇಲೂ ಇಂತಹವು ಸಾಲಾಗಿ ತೂಗುತ್ತಿರುತ್ತವೆ.

ತೂಗುಹಾಕುವುದೇ ಒಂದು ವಿದ್ಯೆ

ಅಲ್ಯೂಮಿನಿಯಂ ಕೊಳವೆಗಳನ್ನು ಜೋಡಿಸಿ ಮಾಡಿದ ತೊಲೆಗೆ ‘ಟ್ರಸ್’ ಎನ್ನುತ್ತಾರೆ. ದೀಪವನ್ನು ಅದಕ್ಕೆ ತಲೆಕೆಳಗಾಗಿ ಹಿಡಿಕೆಗಳಿಂದ ಬಿಗಿಯುತ್ತಾರೆ. ಒಂದೊಂದರ ತೂಕ ಹದಿನೈದಿಪ್ಪತ್ತು ಕಿಲೋ. ದೊಡ್ಡವು ಇನ್ನೂ ಹೆಚ್ಚು. ಕೆಳಗೆ ಮನುಷ್ಯರು ಓಡಾಡುವವರು. ಆದ್ದರಿಂದ ಹಿಡಿಕೆ ಎಷ್ಟೇ ಗಟ್ಟಿಯಿರಲಿ, ಪ್ರತಿಯೊಂದಕ್ಕೂ ಬೇರೆಯಾಗಿ ಒಂದು ಉಕ್ಕಿನ ಹಗ್ಗ ಕಟ್ಟಲೇಬೇಕು.

ಎರಡನೆಯ ನಿಯಮ, ಎಲ್ಲ ದೀಪಗಳ ಬೆನ್ನೂ ಒಂದೇ ದಿಕ್ಕಿಗೆ ಇರಬೇಕು. ಒಂದು ತಿರುವುಮುರುವಾದರೆ, ‘ಎಲ್ಲರೂ ಮುಂದಕ್ಕೆ ನೋಡಿರಿ’ ಎಂದಾಗ ಅದೊಂದು ಹಿಂದಿನ ಪರದೆಯನ್ನು ನೋಡುತ್ತದೆ! ಮೂರನೆಯದು, ಪ್ರತಿ ದೀಪಕ್ಕೂ ಒಂದು ವಿಳಾಸ. ೧೯೮೬ರಿಂದ ಬಳಕೆಗೆ ಬಂದ ಡಿಎಂಎಕ್ಸ್ ಪದ್ಧತಿಯಲ್ಲಿ ಒಂದು ತಂತಿಯ ಮೇಲೆ ೫೧೨ ದಾರಿಗಳುಂಟು. ಒಂದು ದೀಪಕ್ಕೆ ೧೬ ದಾರಿ ಬೇಕಾದರೆ ಮೊದಲನೆಯದರ ವಿಳಾಸ ೧, ಎರಡನೆಯದರದು ೧೭, ಮೂರನೆಯದರದು ೩೩. ಹೀಗೆ ೩೨ ದೀಪಗಳು ಒಂದೇ ತಂತಿಯಲ್ಲಿ ನಿಲ್ಲುತ್ತವೆ. ಎರಡಕ್ಕೆ ಒಂದೇ ವಿಳಾಸ ಕೊಟ್ಟರೆ ಅವು ಅವಳಿಗಳಂತೆ ಒಟ್ಟಿಗೇ ಕುಣಿಯುತ್ತವೆ.

ಕೂದಲೆಳೆಯ ಲೆಕ್ಕ

ಈ ದೀಪಗಳಲ್ಲಿ ಹಲವು ಅಡ್ಡಡ್ಡಲಾಗಿ ೫೪೦ ಡಿಗ್ರಿ, ಅಂದರೆ ಒಂದೂವರೆ ಸುತ್ತು ತಿರುಗಬಲ್ಲವು. ಆ ಚಲನೆಯನ್ನು ೨೫೬ ಹೆಜ್ಜೆಗಳಾಗಿ ಹಂಚಿದರೆ ಒಂದು ಹೆಜ್ಜೆಗೆ ಎರಡು ಡಿಗ್ರಿಗಿಂತ ತುಸು ಹೆಚ್ಚು. ಹತ್ತು ಮೀಟರ್ ದೂರದಲ್ಲಿ ಅದು ಸುಮಾರು ೩೭ ಸೆಂಟಿಮೀಟರ್ ಆಯಿತು. ಚಂದ್ರಮತಿಯ ಮುಖ ತಪ್ಪಲು ಅಷ್ಟು ಸಾಕು! ಆದ್ದರಿಂದ ಎರಡು ದಾರಿಗಳನ್ನು ಕೂಡಿಸಿ ೬೫,೫೩೬ ಹೆಜ್ಜೆಗಳನ್ನಾಗಿ ಮಾಡಿದ್ದಾರೆ. ಈಗ ಒಂದು ಹೆಜ್ಜೆ ಎರಡು ಮಿಲಿಮೀಟರಿಗಿಂತಲೂ ಕಡಿಮೆ.

ಆದರೆ ಯಂತ್ರದ ಸೂಕ್ಷ್ಮತೆಯೊಂದೇ ಸಾಲದು. ನೆತ್ತಿಯ ಮೇಲಿನಿಂದ ಸುರಿದ ಬೆಳಕು ಕಣ್ಣುಗಳನ್ನು ಕತ್ತಲೆಯ ಕುಳಿಗಳನ್ನಾಗಿ ಮಾಡುತ್ತದೆ. ಅಮೆರಿಕದ ಮೆಕ್‌ಕ್ಯಾಂಡ್ಲೆಸ್ ಎಂಬ ಅಧ್ಯಾಪಕರು ೧೯೩೨ರ ತಮ್ಮ ಗ್ರಂಥದಲ್ಲಿ, ಮುಖಕ್ಕೆ ಎರಡು ಬದಿಗಳಿಂದ ಸುಮಾರು ೪೫ ಡಿಗ್ರಿ ಓರೆಯಾಗಿ ಬೆಳಕು ಬರಲಿ ಎಂದರು. ಇನ್ನೊಂದು ತೊಡಕೂ ಉಂಟು. ನಟ ದೀಪದ ನೇರ ಕೆಳಗೆ ಹಾದುಹೋದರೆ ಅವನನ್ನು ಹಿಂಬಾಲಿಸಲು ದೀಪ ಗಕ್ಕನೆ ಅರ್ಧ ಸುತ್ತು ಹೊರಳಬೇಕು. ಅಷ್ಟರಲ್ಲಿ ಅವನು ಬೆಳಕಿನ ಹೊರಗೆ. ಹೀಗಾಗಿ ನಡೆದಾಡುವ ದಾರಿಯ ನೆತ್ತಿಯನ್ನು ಬಿಟ್ಟು, ತುಸು ಮುಂದಕ್ಕೆ ಕಟ್ಟುವುದೇ ಜಾಣತನ.

ಊರು ಬದಲಾದರೆ

ವಿದ್ಯುತ್ ಹರಿದೊಡನೆ ಪ್ರತಿ ದೀಪವೂ ತನ್ನ ಕತ್ತನ್ನು ಆಚೀಚೆ ಆಡಿಸಿ ತನ್ನ ನಡುಗೆರೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕೆ ತನ್ನ ಕತ್ತು ಗೊತ್ತು. ತಾನಿರುವ ಊರು ಗೊತ್ತಿಲ್ಲ. ನಿನ್ನೆ ಇಪ್ಪತ್ತಡಿ ಎತ್ತರದಲ್ಲಿದ್ದ ಟ್ರಸ್ ಇಂದು ಹದಿನೆಂಟು ಅಡಿಗೆ ನಿಂತರೆ ನಿನ್ನೆಯ ಗುರಿಗಳೆಲ್ಲ ತಪ್ಪುತ್ತವೆ. ಆದ್ದರಿಂದ ಬಲ್ಲವರು ‘ಸಿಂಹಾಸನ’, ‘ಶ್ಮಶಾನ’, ‘ಬಾಗಿಲು’ ಎಂದು ಕೆಲವೇ ಗುರಿಗಳನ್ನು ಹೆಸರಿಟ್ಟು ಯಂತ್ರದಲ್ಲಿ ಉಳಿಸಿರುತ್ತಾರೆ. ಹೊಸ ಊರಿನಲ್ಲಿ ಆ ಗುರಿಗಳನ್ನು ತಿದ್ದಿದರೆ ಸಾಕು, ಅವುಗಳನ್ನು ನೆಚ್ಚಿದ ನೂರಾರು ಚಲನೆಗಳು ತಾವೇ ಸರಿಹೋಗುತ್ತವೆ.

ತಿದ್ದುವಾಗ ಮಾತ್ರ ಒಬ್ಬ ಮನುಷ್ಯ ರಂಗದ ಮೇಲೆ ಹೋಗಿ ನಿಲ್ಲಲೇಬೇಕು. ಸಂಜೆಯ ಹೊತ್ತು, ಬಯಲು ಬರಿದಾಗಿರುವಾಗ, ಹುಡುಗನೊಬ್ಬ ಚಂದ್ರಮತಿ ಕೂರುವ ಜಾಗದಲ್ಲಿ ಕುಳಿತಿರುತ್ತಾನೆ. ಬೆಳಕು ತಡವರಿಸುತ್ತ ಬಂದು ಅವನ ಹೆಗಲನ್ನು ಮುಟ್ಟಿ, ಮೆಲ್ಲನೆ ಮುಖಕ್ಕೆ ಏರುತ್ತದೆ. ಅವನು ಕಣ್ಣು ಕಿರಿದುಮಾಡಿ ‘ಸಾಕು’ ಎಂದು ಕೈಯೆತ್ತುತ್ತಾನೆ. ರಾತ್ರಿ ಸಾವಿರ ಜನ ಕಣ್ಣೊರೆಸಿಕೊಳ್ಳುವಾಗ ಆ ಹುಡುಗನ ನೆನಪು ಯಾರಿಗೂ ಇರುವುದಿಲ್ಲ. ಬೆಳಕು ಮಾತ್ರ ಅವನು ತೋರಿಸಿದ ಜಾಗದಲ್ಲಿಯೇ ಇರುತ್ತದೆ.