ಜಾಂಗಲ ದೇಶ: ಕಡೆಗಣಿಸಲ್ಪಟ್ಟ ಒಂದು ಜೀವವಲಯ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಈಶಾನ್ಯಕ್ಕೆ, ನೇರ ರೇಖೆಯಲ್ಲಿ 200 ಕಿಲೋಮೀಟರಿಗಿಂತ ಕಡಮೆ ದೂರದಲ್ಲಿರುವ ಚಳ್ಳಕೆರೆಯಲ್ಲಿ ಬೀಳುವುದು ಸುಮಾರು 500 ಮಿಲಿಮೀಟರು ಮಾತ್ರ. ಮೊದಲನೆಯದನ್ನು ನಾವು ಕಾಡು ಎನ್ನುತ್ತೇವೆ; ಎರಡನೆಯದಕ್ಕೆ ಸರ್ಕಾರದ ಕಡತಗಳಲ್ಲಿಯೂ ನಮ್ಮ ಮಾತಿನಲ್ಲಿಯೂ ಸಿಕ್ಕುವ ಹೆಸರು ‘ಬಂಜರು’. ಈ ಎರಡನೆಯ ಹೆಸರು ಸರಿಯೇ ಎಂಬುದು ಪ್ರಕೃತ ಲೇಖನದ ಪ್ರಶ್ನೆ. ಇದು ಪರಿಸರವಿಜ್ಞಾನದ ಪ್ರಶ್ನೆಯಾದರೂ ಇತಿಹಾಸದ ವಿದ್ಯಾರ್ಥಿಗಳು ಇದರಲ್ಲಿ ಕೈಯಿಡಲು ಕಾರಣವುಂಟು.

ಒಂದೇ ಬಗೆಯ ಹವಾಮಾನದಲ್ಲಿ ಒಂದೇ ಬಗೆಯ ಸಸ್ಯಸಮೂಹವೂ ಅದನ್ನು ಆಶ್ರಯಿಸಿದ ಪ್ರಾಣಿಸಮೂಹವೂ ಭೂಮಿಯ ಬೇರೆ ಬೇರೆ ಖಂಡಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇಂಥ ವಿಶಾಲ ಘಟಕವನ್ನು ವಿಜ್ಞಾನಿಗಳು ‘ಬಯೋಮ್’ ಎನ್ನುತ್ತಾರೆ. ನಾವಿಲ್ಲಿ ಜೀವವಲಯವೆಂದು ಕರೆದಿದ್ದೇವೆ. ಉತ್ತರಧ್ರುವದ ಸಮೀಪದ ಟಂಡ್ರಾ, ಅದರ ಕೆಳಗಿನ ಸೂಚಿಪರ್ಣ ಅರಣ್ಯ, ಸಮಶೀತೋಷ್ಣ ಹುಲ್ಲುಗಾಡು, ಮರುಭೂಮಿ, ಉಷ್ಣವಲಯದ ಮಳೆಕಾಡು, ಸವನ್ನಾ ಮೊದಲಾದವು ಇದರ ಪ್ರಸಿದ್ಧ ಭೇದಗಳು. ನೀರಿನಲ್ಲಿಯೂ ಹೀಗೆಯೇ ಹೊಳೆ, ಸರೋವರ, ಅಳಿವೆ, ಹವಳದ ದಿಬ್ಬ, ಆಳಸಮುದ್ರಗಳೆಂಬ ವಿಂಗಡಣೆಯುಂಟು. ಅಲ್ಲಿ ಮಳೆಗಿಂತ ಉಪ್ಪು, ಬೆಳಕು, ಆಳಗಳೇ ಮುಖ್ಯ. ಆ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಕಾರಣ ಸ್ಪಷ್ಟ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತ ಪಶ್ಚಿಮಘಟ್ಟಗಳನ್ನು ಏರುವಾಗ ತಣಿದು ತನ್ನ ನೀರನ್ನು ಅಲ್ಲಿಯೇ ಸುರಿಸುತ್ತದೆ. ಘಟ್ಟವನ್ನು ಇಳಿದ ಗಾಳಿ ಕಾದು ಒಣಗಿರುತ್ತದೆ. ಮಲೆನಾಡು, ಬಯಲುಸೀಮೆ ಎಂಬ ನಮ್ಮ ಹಳೆಯ ವಿಭಾಗ ಈ ಮಳೆಯ ನೆರಳಿನ ಗೆರೆಯನ್ನೇ ಅನುಸರಿಸಿದೆ. ಆದರೆ ಮಳೆಯೊಂದೇ ಎಲ್ಲವನ್ನೂ ನಿರ್ಣಯಿಸುವುದಿಲ್ಲ. ಅತಿಯಾಗಿ ಮಳೆ ಬೀಳುವ ಕುದುರೆಮುಖದ ನೆತ್ತಿಯಲ್ಲಿರುವುದು ಹುಲ್ಲು. ಕಾಡು ಕಣಿವೆಗಳಲ್ಲಿ ಅಡಗಿದೆ. ಮಣ್ಣಿನ ಆಳ, ಗಾಳಿಯ ರಭಸ, ಬೆಂಕಿ, ಮೇಯುವ ಪ್ರಾಣಿ ಇವೆಲ್ಲಕ್ಕೂ ಇಲ್ಲಿ ಪಾತ್ರವುಂಟು.

ಈ ಸೂಕ್ಷ್ಮವನ್ನು ಬಹುಕಾಲ ಮರೆಮಾಡಿದುದು ಒಂದು ಸಿದ್ಧಾಂತ. ಅಮೆರಿಕದ ಕ್ಲೆಮೆಂಟ್ಸ್ ಎಂಬ ವಿದ್ವಾಂಸನು 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರತಿಯೊಂದು ಪ್ರದೇಶದ ಸಸ್ಯಸಮೂಹವೂ ಹಂತಹಂತವಾಗಿ ಬೆಳೆದು ಆ ಹವಾಮಾನಕ್ಕೆ ತಕ್ಕ ಒಂದು ಪರಮಾವಸ್ಥೆಯನ್ನು ಮುಟ್ಟುತ್ತದೆಂದು ವಾದಿಸಿದನು. ಅವನ ದೇಶದ ಹುಲ್ಲುಗಾಡುಗಳಿಗೆ ಅವನು ಆ ಗೌರವವನ್ನು ಕೊಟ್ಟನು. ಉಷ್ಣವಲಯದ ದೇಶಗಳಲ್ಲಿ ಮಾತ್ರ ಪರಮಾವಸ್ಥೆಯೆಂದರೆ ಅರಣ್ಯವೆಂದೂ, ಹುಲ್ಲು ಕಂಡಲ್ಲೆಲ್ಲ ಯಾರೋ ಮರ ಕಡಿದಿದ್ದಾರೆಂದೂ ಭಾವಿಸುವುದು ರೂಢಿಯಾಯಿತು.

ಸವನ್ನಾದ ಸ್ವಭಾವ ಬೇರೆ. ಅಲ್ಲಿನ ಹುಲ್ಲುಗಳಿಗೆ ಪೂರ್ಣ ಬಿಸಿಲು ಬೇಕು. ಮರಗಳ ತಲೆಗಳು ಒಂದಕ್ಕೊಂದು ಕೂಡಿ ನೆರಳಾದರೆ ಅವು ಸಾಯುತ್ತವೆ. ಬೇಸಗೆಯಲ್ಲಿ ಒಣಗಿದ ಹುಲ್ಲು ಬೆಂಕಿಗೆ ಇಂಧನವಾಗಿ ಎಳೆಯ ಮರಗಳನ್ನು ಸುಡುತ್ತದೆ. ದಪ್ಪ ತೊಗಟೆಯವೂ, ನೆಲದೊಳಗಿನ ಬುಡದಿಂದ ಮತ್ತೆ ಚಿಗುರಬಲ್ಲವೂ ಮಾತ್ರ ಉಳಿಯುತ್ತವೆ. ಇಂಥ ಗುಣಗಳು ಕೊಡಲಿ ಬಿದ್ದ ಮೇಲೆ ನಾಲ್ಕು ತಲೆಮಾರುಗಳಲ್ಲಿ ಮೂಡತಕ್ಕವಲ್ಲ. ಈ ಹುಲ್ಲುಗಳು ಇಂಗಾಲವನ್ನು ಹೀರುವ ಕ್ರಮವೇ ಬೇರೆಯಾದುದರಿಂದ ಅವು ಬೆಳೆದ ಮಣ್ಣಿನಲ್ಲಿ ಅದರ ಗುರುತು ಉಳಿಯುತ್ತದೆ. ಶಿವಾಲಿಕ್ ಶಿಲಾಸ್ತರಗಳಲ್ಲಿನ ಗುರುತಿನಂತೆ ಅವು ಈ ಉಪಖಂಡದಲ್ಲಿ ಹರಡಿದುದು ಸುಮಾರು 70–80 ಲಕ್ಷ ವರ್ಷಗಳ ಹಿಂದೆ. ನೀಲಗಿರಿ ಬೆಟ್ಟಗಳ ಜೌಗುಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಅಲ್ಲಿ ಹುಲ್ಲು ಸುಮಾರು 20,000 ವರ್ಷಗಳ ಹಿಂದೆಯೇ ಇದ್ದುದನ್ನು ತೋರಿಸಿತು.

ನಮ್ಮ ಪ್ರಾಚೀನರು ಇದನ್ನು ಬಲ್ಲವರಾಗಿದ್ದರು. ಚರಕಸಂಹಿತೆಯು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸುತ್ತದೆ. ಆನೂಪವೆಂದರೆ ಬಾಳೆ ತೆಂಗುಗಳು ಬೆಳೆಯುವ ನೀರಿನ ನಾಡು. ಜಾಂಗಲವಾದರೋ ವಿಶಾಲವಾದ ಆಕಾಶವುಳ್ಳ ಒಣನಾಡು: ಕಾಚು, ಎಲಚಿ ಮೊದಲಾದ ಮರಗಳೂ ಕೌಜುಗದಂಥ ಹಕ್ಕಿಗಳೂ ಇರುವ ಸ್ಥಳ. ಅದು ಹೀನವಾದ ನಾಡೆಂಬ ಭಾವನೆ ಅಲ್ಲಿ ಇಲ್ಲ. ಕೃಷ್ಣಮೃಗವು ಸಹಜವಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳುವುದೂ ಗಮನಾರ್ಹ. ಕೃಷ್ಣಮೃಗ ದಟ್ಟಡವಿಯ ಪ್ರಾಣಿಯಲ್ಲ, ಬಯಲಿನದು. ಫ್ರಾನ್ಸಿನ ವಿದ್ವಾಂಸ ಜಿಮ್ಮರ್‌ಮನ್ 1982ರ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಇದೇ ಜಾಂಗಲ ಶಬ್ದ ಹಿಂದೂಸ್ತಾನಿಯ ಮೂಲಕ ಇಂಗ್ಲಿಷಿಗೆ ಹೋಗಿ, ಕ್ರಮೇಣ ಅಲ್ಲಿ ತೇವಭರಿತ ದಟ್ಟಡವಿಯ ಹೆಸರಾಯಿತು. ಶಬ್ದದ ಅರ್ಥ ತಿರುಗುಮುರುಗಾದಾಗ ಆ ಶಬ್ದ ಸೂಚಿಸುತ್ತಿದ್ದ ನಾಡಿಗೆ ಹೆಸರೇ ಇಲ್ಲದಾಯಿತೆಂದರೆ ತಪ್ಪಾಗಲಾರದು.

ಹೆಸರಿಲ್ಲದ ನೆಲಕ್ಕೆ ಕಂದಾಯದ ಲೆಕ್ಕದಲ್ಲಿ ದೊರೆತ ಹೆಸರು ‘ಖರಾಬು’. ಸಾಗುವಳಿಯಾಗದ, ಕಂದಾಯ ಹುಟ್ಟದ ಭೂಮಿ ಎಂದಷ್ಟೇ ಅದರ ಮೂಲಾರ್ಥವಾದರೂ, ಕೆಟ್ಟದ್ದೆಂಬ ಶಬ್ದಾರ್ಥವೇ ಮುಂದೆ ನಿಂತಿತು. ಮೈಸೂರಿನ ಅರಸರ ದೃಷ್ಟಿ ಹೀಗಿರಲಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ, ಅದನ್ನೇ ಟಿಪ್ಪು ಮರುನಾಮಕರಣ ಮಾಡಿದ ಅಮೃತಮಹಲ್, ಇವೆರಡೂ ನಿಂತದ್ದು ಕಾವಲುಗಳ ಹುಲ್ಲಿನ ಮೇಲೆ. ಕಾವಲುಗಳನ್ನು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ತಕ್ಕಂತೆ ವಿಂಗಡಿಸಿ ದನಗಳನ್ನು ಒಂದರಿಂದ ಇನ್ನೊಂದಕ್ಕೆ ಅಟ್ಟುತ್ತಿದ್ದರು. ಹುಲ್ಲು ಚೇತರಿಸಿಕೊಳ್ಳಲು ಎಷ್ಟು ಕಾಲ ಬೇಕೆಂಬುದನ್ನು ತಿಳಿದವರ ವ್ಯವಸ್ಥೆ ಇದು. ಚಳ್ಳಕೆರೆಯ ಸುತ್ತಿನ ಅಂಥ ಕಾವಲುಗಳ ಸಾವಿರಾರು ಎಕರೆ 2010ರ ಸುಮಾರಿಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕುರಿ ಕಾಯುವವರಿಗೆ ಆ ನೆಲ ಖಾಲಿಯಾಗಿರಲಿಲ್ಲ.

ಹಾಗೆಂದು ಬಯಲುಸೀಮೆಯ ಕುರುಚಲೆಲ್ಲವೂ ಅನಾದಿ ಸವನ್ನಾ ಎಂದು ನಾವು ಹೇಳುವುದಿಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಹಲವು ಕಡೆ ಕಬ್ಬಿಣ ಕಾಯಿಸುವ ಕುಲುಮೆಗಳನ್ನು ವರ್ಣಿಸಿದ್ದಾನೆ. ಅವುಗಳಿಗೆ ಬೇಕಾದ ಇದ್ದಲು ಮರದಿಂದಲೇ ಬರಬೇಕಿತ್ತು. ಎಲ್ಲಿ ಕಾಡು ಕಡಿದು ಬಯಲಾಯಿತು, ಎಲ್ಲಿ ಬಯಲು ಬಯಲಾಗಿಯೇ ಇತ್ತು ಎಂಬುದನ್ನು ಹೋಬಳಿ ಹೋಬಳಿಯಾಗಿ ನಿರ್ಧರಿಸಬೇಕು. ಶಾಸನಗಳು, ಕೈಫಿಯತ್ತುಗಳು, ಹಳೆಯ ಭೂಮಾಪನದ ದಾಖಲೆಗಳು ಇದಕ್ಕೆ ಒದಗುತ್ತವೆ. ಇದು ಸಸ್ಯವಿಜ್ಞಾನಿಯೊಬ್ಬನಿಂದಲೇ ಆಗುವ ಕೆಲಸವಲ್ಲ.

ವಿಚಾರಿಸದೆ ಮರ ನೆಟ್ಟರೆ ಆಗುವುದೇನೆಂಬುದಕ್ಕೆ ರಾಣೆಬೆನ್ನೂರನ್ನು ನೋಡಬಹುದು. ಅಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು. ಅದರ ಬಹುಭಾಗದಲ್ಲಿ ನೆಟ್ಟದ್ದು ನೀಲಗಿರಿ ಮರ. ಅದರ ಕೆಳಗೆ ಮೇವಿನ ಹುಲ್ಲು ಸರಿಯಾಗಿ ಬೆಳೆಯದು. ಕೃಷ್ಣಮೃಗಗಳು ಸುತ್ತಲಿನ ರೈತರ ಹೊಲಗಳಿಗೆ ಇಳಿಯುತ್ತವೆ. ಬಯಲಿನ ಪ್ರಾಣಿಗೆ ಕೊಟ್ಟ ಆ ಆಶ್ರಯಸ್ಥಾನವನ್ನು ನಾವು ಕನ್ನಡದಲ್ಲಿ ಕರೆಯುವುದು ಅಭಯ‘ಅರಣ್ಯ’ವೆಂದೇ.