ಸಿಹಿ ವೈನ್: ಔಷಧದಂಗಡಿಯಿಂದ ಮದ್ಯದಂಗಡಿಗೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಗೆ ಹುದುಗಿಸಿದ ದ್ರಾಕ್ಷಿ ರಸ ಹೊಸದೇನಲ್ಲ. ಆದರೆ ಅದು ಇಲ್ಲಿನ ಮನೆಗಳಿಗೆ ಬಂದದ್ದು ಮದ್ದಾಗಿ. ಕೆಮ್ಮು, ನಿತ್ರಾಣಕ್ಕೆ ವೈದ್ಯರು ಕೊಡುವ ದ್ರಾಕ್ಷಾರಿಷ್ಟದ ತಯಾರಿ ಹೀಗೆ: ಒಣದ್ರಾಕ್ಷಿಯನ್ನು ನೀರಲ್ಲಿ ಕುದಿಸಿ, ಕಾಲು ಭಾಗಕ್ಕೆ ಇಳಿಸಿ, ಬೆಲ್ಲ ಕಲಸಿ, ಧಾತಕಿ ಹೂ ಹಾಕಿ, ಪಾತ್ರೆಯ ಬಾಯಿ ಮುಚ್ಚಿ ವಾರಗಟ್ಟಲೆ ಇಡುತ್ತಾರೆ. ಮದ್ಯಸಾರ ತಾನಾಗಿ ಹುಟ್ಟುತ್ತದೆ. ಊಟವಾದ ಮೇಲೆ ಒಂದೆರಡು ಚಮಚ, ಅಷ್ಟೇ ನೀರು ಬೆರೆಸಿ ಕುಡಿಯುವುದು ರೂಢಿ.

ಈ ರೂಢಿಗೆ ಕಾನೂನಿನ ಹಿನ್ನೆಲೆಯೂ ಇದೆ. 1956ರವರೆಗೆ ರೋಣ, ನರಗುಂದ ಭಾಗ ಧಾರವಾಡ ಜಿಲ್ಲೆಯೊಂದಿಗೆ ಮುಂಬಯಿ ರಾಜ್ಯದಲ್ಲಿತ್ತು. 1949ರ ಪಾನನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಮದ್ಯಸಾರವಿರುವ ಔಷಧ, ಪ್ರಸಾಧನಗಳಿಗೆ ಆ ನಿಷೇಧ ಸಲ್ಲದೆಂದು ದೇಶದ ಅತ್ಯುನ್ನತ ನ್ಯಾಯಾಲಯ 1951ರಲ್ಲಿ ತೀರ್ಪಿತ್ತಿತು. ಔಷಧ ಒಂದು ಕಡೆ, ಸೆರೆ ಇನ್ನೊಂದು ಕಡೆ ಎಂಬ ಗೆರೆ ಆಗಲೇ ಗಟ್ಟಿಯಾಯಿತು.

ತಡೆಹಿಡಿದ ಹುದುಗು

ಪೋರ್ಚುಗಲ್‌ನ ದೊರು ಕಣಿವೆಯ ಪೋರ್ಟ್ ವೈನ್ ಈ ಗೆರೆಯ ಆಚೆಯದು. ಅಲ್ಲಿ ರಸದ ಸಕ್ಕರೆ ಅರ್ಧದಷ್ಟು ಉಳಿದಿರುವಾಗಲೇ ಶೇ 77ರಷ್ಟು ಕಡುವಾದ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಹುದುಗು ಸಾಯುತ್ತದೆ, ಸಿಹಿ ಉಳಿಯುತ್ತದೆ, ಮದ್ಯಸಾರ ಶೇ 20ರ ಆಸುಪಾಸಿಗೆ ಏರುತ್ತದೆ. ಇಂಗ್ಲೆಂಡಿಗೆ ಸಾಗುವ ಪೀಪಾಯಿಗಳು ಹಡಗಿನಲ್ಲಿ ಕೆಡದಿರಲೆಂದು ಸ್ಪಿರಿಟ್ ಬೆರೆಸಲು ಶುರುಮಾಡಿದ್ದು ಮುಂದೆ ರುಚಿಯೇ ಆಯಿತು. ಆ ಕಣಿವೆಯ ಎಲ್ಲೆಯನ್ನು 1756ರಲ್ಲೇ ಗುರುತಿಸಲಾಯಿತು.

ಪೋರ್ಟ್ ಸವಿಯುವ ಕ್ರಮ ತಿಳಿದವರು ಚಿಕ್ಕ ಗ್ಲಾಸಿನಲ್ಲಿ 60 ಮಿಲಿ ಹಾಕಿಕೊಂಡು, ಊಟದ ಕೊನೆಗೆ ನಿಧಾನವಾಗಿ ಗುಟುಕರಿಸುತ್ತಾರೆ. ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ ಬಗೆಗೆ ಬಾದಾಮಿ, ಒಣ ಅಂಜೂರದ ವಾಸನೆ. ಅಮೀನಗಡದ ಕರದಂಟಿನ ಜೊತೆ ಅದು ಹೊಂದೀತು. ನಮ್ಮಲ್ಲಿ ಪೋರ್ಟ್ ಎಂದೇ ಜನ ಕರೆಯುವ ಅಗ್ಗದ ಸಿಹಿ ಕೆಂಪು ವೈನ್ ಬೇರೆ ಬಗೆಯದು. ಅದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಬೆಂಗಳೂರು, ಚಿಕ್ಕಬಳ್ಳಾಪುರ ಸುತ್ತಿನ ಬೆಂಗಳೂರು ಬ್ಲೂ ದ್ರಾಕ್ಷಿ. ಗಾಢ ಬಣ್ಣ, ಮೂಗಿಗೆ ಬಡಿಯುವ ಘಮ, ಎದ್ದು ತೋರುವ ಸಿಹಿ.

2007ರ ಎರಡು ನಿರ್ಧಾರ

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಕೊಯ್ಲಿನ ಹೊತ್ತಿಗೆ ಬೆಲೆ ಕುಸಿದು ಕಂಗಾಲಾಗುವ ಬೆಳೆಗಾರನಿಗೆ ಖಾತ್ರಿಯ ಕೊಳ್ಳುವವರು ಬೇಕೆಂಬ ವಾದ ನ್ಯಾಯವಾದದ್ದು. ವಿಜಯಪುರ, ಬಾಗಲಕೋಟೆಯ ತೋಟಗಳಿಗೆ ಅದು ಒಪ್ಪುತ್ತದೆ. ಆದರೆ ಕಡಲೆ, ಜೋಳ, ಹತ್ತಿ, ಹೆಸರಿನ ಈ ಎರೆಭೂಮಿಯಲ್ಲಿ ಚಪ್ಪರ, ಹನಿ ನೀರಾವರಿಗೆ ದುಡ್ಡು ಹಾಕಬಲ್ಲ ರೈತರು ಕಡಿಮೆ. ಮಲಪ್ರಭೆಯ ನೀರಿನ ಕರ ಕಟ್ಟಲಾಗದೆ 1980ರ ಜುಲೈಯಲ್ಲಿ ನರಗುಂದ ಸಿಡಿದೆದ್ದದ್ದನ್ನು ನಾವು ಮರೆಯುವಂತಿಲ್ಲ. ವೈನ್‌ನಿಂದ ಇಲ್ಲಿಗೆ ಬರುವ ಆದಾಯ ಅಲ್ಪ, ಬಾಟಲಿ ಮಾತ್ರ ಅಂಗಡಿಗೆ ತಪ್ಪದೆ ಬರುತ್ತದೆ.

ಎದುರು ವಾದವೂ ಹಗುರವಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧ ಕೇಳಿ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಕೂಲಿಯ ದುಡ್ಡು ಮನೆ ಸೇರದ ಸಂಕಟ ಅವರದು. ವೈನ್ ಹಣ್ಣಿನ ರಸ, ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತು ಅವರೆದುರು ನಿಲ್ಲುವುದಿಲ್ಲ. ಸಂಪೂರ್ಣ ನಿಷೇಧದ ಅನುಭವವೂ ಈ ಸೀಮೆಗೆ ಒಮ್ಮೆ ಆಗಿದೆ. ಕಳ್ಳಬಟ್ಟಿಯನ್ನು ಅದು ಅಳಿಸಲಿಲ್ಲ.

ಅಳತೆಯ ಪ್ರಶ್ನೆ

ಲೆಕ್ಕ ಸರಳವಾಗಿದೆ. ಶೇ 20ರ ಸಿಹಿ ವೈನ್‌ನ 180 ಮಿಲಿ ಕ್ವಾರ್ಟರಿನಲ್ಲಿ ಶುದ್ಧ ಮದ್ಯಸಾರ 36 ಮಿಲಿ. ಶೇ 5ರ 650 ಮಿಲಿ ಬಿಯರ್ ಬಾಟಲಿಯಲ್ಲಿ 32.5 ಮಿಲಿ. ಬಿಯರಿನ ಕಹಿ, ವಿಸ್ಕಿಯ ಉರಿ ಕುಡಿಯುವವರನ್ನು ಎಚ್ಚರಿಸುತ್ತವೆ. ಸಿಹಿ ಆ ಎಚ್ಚರವನ್ನೇ ಮುಚ್ಚುತ್ತದೆ. ಹೊಸದಾಗಿ ಕುಡಿತಕ್ಕೆ ತೊಡಗುವ ಹುಡುಗರು, ಸಕ್ಕರೆ ಕಾಯಿಲೆಯವರು ಇದರಲ್ಲಿ ಬೇಗ ಸಿಕ್ಕಿಬೀಳಬಹುದು. ಹಾಗಾಗಿ ಸ್ಪಿರಿಟ್ ಬೆರೆಸಿದ ವೈನ್‌ಗೆ ತೆರಿಗೆ, ಮಾರಾಟದ ನಿಯಮಗಳನ್ನು ಅದರ ಕಡುಪು ನೋಡಿ ಗೊತ್ತುಮಾಡುವುದೇ ಸರಿಯಾದ ದಾರಿ. ಬಾಟಲಿಯ ಮೇಲೆ ಶೇಕಡಾವಾರಿನ ಜೊತೆಗೆ ಒಟ್ಟು ಎಷ್ಟು ಮಿಲಿ ಮದ್ಯಸಾರವಿದೆ, ಎಷ್ಟು ಗ್ರಾಂ ಸಕ್ಕರೆಯಿದೆ ಎಂಬುದು ಕನ್ನಡದಲ್ಲಿ, ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಇರಬೇಕು.