ನಿಮಗಿದು ಗೊತ್ತೆ? ಮಂಗಟ್ಟೆ ಬಿತ್ತಿದ ಕಾಡು
ಉತ್ತರ ಕನ್ನಡದ ಕಾಡಿನಲ್ಲಿ ರಾಮಪತ್ರೆಯ ಕಾಯಿ ಬಿರಿದರೆ, ಒಳಗೆ ಕೆಂಬಣ್ಣದ ಪತ್ರೆ ಸುತ್ತಿಕೊಂಡ ದಪ್ಪ ಬೀಜ. ಮಂಗಟ್ಟೆ ಅದನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ಮೇಲಕ್ಕೆ ಚಿಮ್ಮಿ, ಇಡಿಯಾಗಿ ನುಂಗುತ್ತದೆ. ಪತ್ರೆ ಕರಗಿದ ಮೇಲೆ, ಎಲ್ಲೋ ದೂರದ ಮರದಲ್ಲಿ ಕೂತು ಬೀಜವನ್ನು ಹಾಗೇ ಕಕ್ಕುತ್ತದೆ. ಪಿಕಳಾರದಂಥ ಸಣ್ಣ ಹಕ್ಕಿಯ ಗಂಟಲಲ್ಲಿ ಇಷ್ಟು ದೊಡ್ಡ ಬೀಜ ಇಳಿಯದು. ಅದಕ್ಕೇ ಇಂಥ ಮರಗಳಿಗೆ ಮಂಗಟ್ಟೆ ಅಷ್ಟು ಬೇಕಾದ ಹಕ್ಕಿ.

ಮರಿ ಮಾಡುವ ಕಾಲದಲ್ಲಿ ಹೆಣ್ಣು ಪೊಟರೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು ಸಣ್ಣ ಸೀಳಿನಿಂದ ತಿಂಗಳುಗಟ್ಟಲೆ ಹಣ್ಣು ಉಣಿಸುತ್ತದೆ. ಒಳಗಿಂದ ಉದುರಿದ ಬೀಜಗಳು ಮಳೆಗೆ ಮೊಳೆತು, ಮರದ ಬುಡದಲ್ಲಿ ಪುಟ್ಟ ಸಸಿಗಳ ಗುಂಪೇ ಏಳುತ್ತದೆ! ಕಾಳಿ ನದಿಯ ಆಸುಪಾಸಿನ ಮಂಗಟ್ಟೆಗಳಿಗಾಗಿಯೇ 2011ರಲ್ಲಿ ದಾಂಡೇಲಿಯಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು.